ಕೂಗದ ಸೈರನ್

ಕಾನ್ಸಾಸ್ ಬಯಲಿನ ಒಂದು ಊರಿನಲ್ಲಿ, ಸುಂಟರಗಾಳಿ ಬರುವ ಮುನ್ನ ಕೂಗಿ ಎಚ್ಚರಿಸುವ ಕೆಲಸ ಕಂಬದ ಮೇಲಿನ ಸೈರನ್ನಿನದು. ಆ ವಸಂತದಲ್ಲಿ ಒಮ್ಮೆ ಅದು ಕೂಗಿತು. ಎಲ್ಲರೂ ಓಡಿ ನೆಲಮಾಳಿಗೆ ಸೇರಿದರು. ಗಾಳಿ ಮಾತ್ರ ಬೇರೆ ಕಡೆ ಹೊರಳಿತು. ನೆಲಮಾಳಿಗೆಯಿಂದ ಮೇಲೆ ಬಂದ ಬಾತುಗಳು, "ಬಾಯಿಬಡುಕ!" ಎಂದು ನಕ್ಕವು.

ಮುಂದಿನ ವಾರ, ಗಾಳಿಯ ದಿಕ್ಕು ತೋರುವ ತಗಡಿನ ಹುಂಜ ಸೂರಿನ ಮೇಲಿಂದ ಹೇಳಿತು: "ಪಡುವಣ ಮೋಡ ಹಸಿರಾಗಿದೆ, ಸುಂಟರಗಾಳಿಯ ಲಕ್ಷಣ. ಕೂಗು!"

"ಇರು, ಇನ್ನಷ್ಟು ನೋಡೋಣ. ಮತ್ತೆ ನಗೆಪಾಟಲಾಗಲಾರೆ."

ನೋಡುತ್ತಿದ್ದಂತೆಯೇ ಗಾಳಿ ನುಗ್ಗಿತು. ಅಂಗಳದ ಹೇಂಟೆಯ ಐದು ಮರಿಗಳಲ್ಲಿ ಮೂರು ಹಾರಿಹೋದವು.

ಬುಧವಾರ ಮಧ್ಯಾಹ್ನ ವಾಡಿಕೆಯಂತೆ ಸೈರನ್ನನ್ನು ಪರೀಕ್ಷೆಗೆ ಕೂಗಿಸಿದರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಆದರೂ ಹೇಂಟೆ ಉಳಿದೆರಡು ಮರಿಗಳನ್ನು ರೆಕ್ಕೆಯಡಿ ಎಳೆದುಕೊಂಡು ಗೋಡೆಯ ಮೂಲೆಯಲ್ಲಿ ಕೂತಿತು. ಕೂಗು ನಿಂತ ಮೇಲೆ ಕಂಬದ ಬುಡಕ್ಕೆ ಬಂತು.

"ಅವತ್ತು ನಿನಗೆ ಗಂಟಲು ಕಟ್ಟಿತ್ತೇನೋ, ಪಾಪ," ಎಂದಿತು. "ಈಗ ವಾಸಿಯಾಯಿತಲ್ಲಣ್ಣ, ಅಷ್ಟು ಸಾಕು."

ತಲೆ ತಗ್ಗಿಸೋಣವೆಂದರೆ ಸೈರನ್ನಿಗೆ ಕತ್ತೇ ಇರಲಿಲ್ಲ.