ಸಂದಿಲ್ಲದ ಸೂರು

"ಗುರುಗಳೇ, ಪ್ರೀತಿಯವರಿಗಾಗಿ ಮಾಡುವ ಕೆಲಸ ಒಂದು ಲೋಪವೂ ಇಲ್ಲದೆ ಆಗಲಿ ಎಂದು ಹಟ ಹಿಡಿಯುವುದು ಒಳ್ಳೆಯದೇ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಉತ್ತರವನ್ನು ಗಂಟು ಕಟ್ಟಿಕೊಂಡೇ ಬಂದಿದ್ದೀಯ. ನನ್ನಿಂದ ಬೇಕಾದದ್ದು ಒಂದು ಶಹಬ್ಬಾಸ್, ಅಷ್ಟೆ. ಇರಲಿ, ಕೂತುಕೋ" ಎಂದು ಈ ಕತೆ ಹೇಳಿದರು.

ಹೆದ್ದಾರಿಯ ಬದಿಯಲ್ಲಿ ಲಾರಿಗಳಿಗೆ ಮರದ ಮೈ ಕಟ್ಟುವ ಒಬ್ಬ ಮೇಸ್ತ್ರಿಯಿದ್ದ. ಕೆಲಸದಲ್ಲಿ ಗಟ್ಟಿಗ. ಕೆಲಸ ಬಾಕಿ ಉಳಿದ ಗಾಡಿ ತನ್ನ ಶೆಡ್ಡಿನ ಗೇಟು ದಾಟಬಾರದು ಎಂಬುದು ಅವನ ಪಂಥ. ಮಾಲೀಕರು ಎಷ್ಟು ಅವಸರ ಮಾಡಿದರೂ ಕೊನೆಯ ಮೊಳೆ ಹೊಡೆದು, ಗಾಲಿಗೆ ನಿಂಬೆಹಣ್ಣು ಇಟ್ಟ ಮೇಲೆಯೇ ಗಾಡಿ ಹೊರಡಬೇಕು.

ಅವನಿಗೆ ಒಬ್ಬಳೇ ಅಕ್ಕ. ತಾಯಿಯಿಲ್ಲದ ಅವನನ್ನು ಸಾಕಿ ಬೆಳೆಸಿದವಳು ಅವಳೇ. ಈಗ ಬೆನ್ನುಮೂಳೆ ಮುರಿದು, ಶೆಡ್ಡಿಗೆ ಅಂಟಿದ ತಮ್ಮನ ಮನೆಯಲ್ಲಿ ಮಲಗಿದಲ್ಲೇ ಇದ್ದಳು. ಕೂರಿಸಿದರೆ ಹತ್ತು ನಿಮಿಷವೂ ತಡೆಯುತ್ತಿರಲಿಲ್ಲ.

ಅವರ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿ ನಲವತ್ತು ವರ್ಷವಾಗಿತ್ತು. ಊರು ಬಿಡುವ ಹಿಂದಿನ ವರ್ಷ ಅಕ್ಕನ ಚೊಚ್ಚಲ ಕೂಸು ತೀರಿಹೋಗಿತ್ತು. ಹನ್ನೊಂದು ದಿನದ ಹೆಣ್ಣುಕೂಸು. ಹೊಲದ ಬದುವಿನಲ್ಲಿ ಹೂತಿದ್ದರು. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ. ಈ ಬೇಸಿಗೆಯಲ್ಲಿ ಹಿಂದೆಂದೂ ಇಲ್ಲದಷ್ಟು ನೀರು ಇಳಿದು ಊರಿನ ಗೋಡೆಗಳು, ಬಾವಿಕಟ್ಟೆ, ಹೊಲದ ಬದುಗಳು ಎಲ್ಲ ಬಯಲಾಗಿವೆ ಎಂಬ ಸುದ್ದಿ ಬಂತು. ಅದನ್ನು ಕೇಳಿದ ದಿನ ಅಕ್ಕ ಊಟ ಮಾಡಲಿಲ್ಲ.

"ನನ್ನ ಒಂದ್ಸಲ ಅಲ್ಲಿಗೆ ಕರ್ಕೊಂಡು ಹೋಗೋ. ಆ ಮಣ್ಣು ಮುಟ್ಟಿ ಬರ್ತೀನಿ" ಎಂದಳು. "ನೀರು ಮತ್ತೆ ಏರೋದ್ರೊಳಗೆ ಹೋಗ್ಬೇಕು ನೋಡು. ಯಾವ್ದಾದ್ರೂ ಲಾರೀಲಿ ಒಂದು ಹೊರೆ ಹುಲ್ಲು ಹಾಸು, ಸಾಕು."

ಮೇಸ್ತ್ರಿಯ ಕಣ್ಣು ತುಂಬಿತು. ಆದರೆ ಹುಲ್ಲಿನ ಮಾತು ಅವನಿಗೆ ಚುಚ್ಚಿತು. "ಮೂಟೆ ಸಾಗಿಸ್ದಂಗೆ ನಿನ್ನ ಸಾಗಿಸ್ಲಾ ಅಕ್ಕ? ನಿಂಗೆ ಅಂತಾನೇ ಒಂದು ಗಾಲಿಮನೆ ಕಟ್ತೀನಿ. ರಾಣಿ ಹಂಗೆ ಮಲ್ಕೊಂಡು ಬರ್ತೀಯಂತೆ."

ಮಾತಿಗೆ ತಪ್ಪಲಿಲ್ಲ. ಜೀಪಿನ ಹಿಂದೆ ಸಿಕ್ಕಿಸಿ ಎಳೆಯುವಂತೆ ಎರಡು ಗಾಲಿಯ ಟ್ರೇಲರ್ ಮಾಡಿದ. ಮೈ ಕುಲುಕಬಾರದೆಂದು ಮಂಚದ ಕೆಳಗೆ ಸ್ಪ್ರಿಂಗ್ ಪಟ್ಟಿ ಕೂರಿಸಿದ. ಮಲಗಿದವಳ ಕಣ್ಣಿನ ಮಟ್ಟಕ್ಕೇ ಕಿಟಕಿ ಇಟ್ಟ. ಎಲ್ಲ ಹನ್ನೆರಡೇ ದಿನದಲ್ಲಿ ಮುಗಿಯಿತು. ಉಳಿದದ್ದು ಸೂರು.

ಕಮಾನಿನ ಆಕಾರದ ಸೂರು ಅವನ ಮನಸ್ಸಿನಲ್ಲಿತ್ತು. ತಲೆಯಿಂದ ಕಾಲಿನವರೆಗೆ ಒಂದೇ ಪ್ಲೈವುಡ್ ಹಾಳೆ, ನಡುವೆ ಸಂದು ಇರಬಾರದು. ಲಾರಿಗಳಿಗೆ ಜೀವಮಾನವಿಡೀ ಹಾಳೆಗೆ ಹಾಳೆ ಕೂಡಿಸಿ, ಸಂದಿನ ಮೇಲೆ ಪಟ್ಟಿ ಹೊಡೆದವನೇ ಅವನು. ಆದರೆ ಅಕ್ಕ ಮಲಗಿ ನೋಡುವುದು ಸೂರನ್ನೇ. ಅವಳ ಕಣ್ಣಿಗೆ ಒಂದು ಗೆರೆಯೂ ಬೀಳಬಾರದು ಎಂದುಕೊಂಡ.

ಹತ್ತಿರದ ಪೇಟೆಯ ಅಂಗಡಿಗಳಲ್ಲಿ ಸಿಕ್ಕ ತೆಳು ಪ್ಲೈವುಡ್ ತಂದು ಬಾಗಿಸಿದ. ಲಟಕ್ಕನೆ ಸೀಳಿತು. ಇನ್ನೊಂದು ತಂದು, ಬಿಸಿನೀರಿನಲ್ಲಿ ಅದ್ದಿದ ಗೋಣಿಚೀಲ ಹೊದಿಸಿ, ಮೆತ್ತಗಾದ ಮೇಲೆ ಬಾಗಿಸಿದ. ಬಾಗಿತೇನೋ ನಿಜ, ಮರುದಿನಕ್ಕೆ ಪದರ ಬಿಟ್ಟು ಎದ್ದಿತು. ಬಾಗುವುದಕ್ಕೆಂದೇ ಮಾಡಿದ ಪ್ಲೈವುಡ್ ಬೇರೆ ಇದೆ, ದೂರದ ಪಟ್ಟಣದಿಂದ ತರಿಸಬೇಕು ಎಂದು ಯಾರೋ ಹೇಳಿದರು. ಆ ಪಟ್ಟಣದ ವ್ಯಾಪಾರಿಗೆ ಫೋನು ಮಾಡಿದ.

ಆ ಹಲಗೆಯದೊಂದು ಗುಣ. ಅದು ಒಂದೇ ಕಡೆಗೆ ಬಾಗುತ್ತದೆ. ಸುರುಳಿ ಸುತ್ತಿದರೆ ಉದ್ದ ಕೊಳವೆಯಾಗುವ ಜಾತಿ ಒಂದು, ಗಿಡ್ಡ ಪೀಪಾಯಿಯಾಗುವ ಜಾತಿ ಇನ್ನೊಂದು. "ನಿಮಗೆ ಯಾವುದು ಬೇಕು ಮೇಸ್ತ್ರಿ?" ಎಂದು ವ್ಯಾಪಾರಿ ಕೇಳಿದ. ಮೇಸ್ತ್ರಿಗೆ ರೇಗಿತು. "ಇಪ್ಪತ್ತೈದು ವರ್ಷದಿಂದ ಗಾಡಿ ಕಟ್ತಿದೀನಿ. ಹಲಗೆ ಬಾಗಿಸೋದು ನನಗೆ ಹೇಳ್ಕೊಡ್ತೀಯಾ? ಎಂಟಡಿ ನಾಲ್ಕಡಿಯದ್ದು ಕಳಿಸು ಸಾಕು" ಎಂದು ಫೋನು ಇಟ್ಟುಬಿಟ್ಟ.

ಒಂಬತ್ತು ದಿನಕ್ಕೆ ಹಾಳೆ ಬಂತು. ಬಂದದ್ದು ಪೀಪಾಯಿ ಜಾತಿ. ಅವನ ಕಮಾನಿಗೆ ಬೇಕಾಗಿದ್ದದ್ದು ಅಗಲಕ್ಕೆ ಬಾಗುವ ಕೊಳವೆ ಜಾತಿ. ಎರಡು ತುಂಡು ಮಾಡಿ, ಅಡ್ಡ ತಿರುಗಿಸಿ ಕೂರಿಸಿ, ನಡುವಿನ ಸಂದಿಗೆ ಒಂದು ಪಟ್ಟಿ ಹೊಡೆದಿದ್ದರೆ ಅರ್ಧ ದಿನದ ಕೆಲಸ. ಅವನ ಕೈ ಗರಗಸದವರೆಗೆ ಹೋಗಿ ಹಿಂದೆ ಬಂತು.

ಅಕ್ಕ ಮಂಚದಿಂದಲೇ ಕೂಗಿದಳು. "ಟಾರ್ಪಾಲು ಕಟ್ಟೋ, ಹೋಗಿ ಬಂದ್ಬಿಡಾನ. ಬ್ಯಾಡ ಅಂದ್ರೆ ಅದೂ ಬ್ಯಾಡ, ಮುಗಿಲು ನೋಡ್ಕೊಂಡು ಬರ್ತೀನಿ."

"ಇನ್ನೊಂದು ಹತ್ತು ದಿನ ಅಕ್ಕ. ಆಕಾಶ ನೋಡು, ಒಂದು ತುಂಡು ಮೋಡ ಇಲ್ಲ" ಎಂದ ಮೇಸ್ತ್ರಿ. ಬೇರೆ ಹಾಳೆಗೆ ಹೇಳಿ ಕಳಿಸಿದ.

ಅವನು ಹೇಳಿದ್ದು ಸುಳ್ಳಲ್ಲ. ಅವನ ಶೆಡ್ಡಿನ ಮೇಲಿನ ಆಕಾಶ ತೊಳೆದಿಟ್ಟ ಹಾಗಿತ್ತು. ಆದರೆ ಅಣೆಕಟ್ಟು ಕಟ್ಟಿದ ಆ ಹೊಳೆಗೆ ನೀರು ಬರುವುದು ಅಲ್ಲಿಂದಲ್ಲ, ನೂರಾರು ಮೈಲಿ ಆಚೆಯ ಬೆಟ್ಟಗಳಿಂದ. ಅಲ್ಲಿ ಆಗಲೇ ಮಳೆ ಹಿಡಿದಿತ್ತು. ಹೊಳೆಯ ಊರಿನಲ್ಲಿ ಹುಟ್ಟಿದವನಿಗೆ ಇದು ತಿಳಿಯದ ವಿಷಯವೇನೂ ಅಲ್ಲ. ಆ ದಿನಗಳಲ್ಲಿ ಅವನ ತಲೆಯಲ್ಲಿ ಹಲಗೆ ಬಿಟ್ಟು ಬೇರೇನೂ ಇರಲಿಲ್ಲ.

ಕೊನೆಗೂ ಸರಿಯಾದ ಹಾಳೆ ಬಂತು. ಕೂರಿಸಿದ. ಒಂದು ಸುಕ್ಕಿಲ್ಲ, ಒಂದು ಗೆರೆಯಿಲ್ಲ. ಅಕ್ಕಪಕ್ಕದ ಶೆಡ್ಡಿನವರೆಲ್ಲ ಬಂದು ಕೈಯಾಡಿಸಿ ನೋಡಿ ತಲೆದೂಗಿದರು. ಗಾಲಿಗೆ ನಿಂಬೆಹಣ್ಣು ಇಟ್ಟು, ಅಕ್ಕನನ್ನು ಎತ್ತಿ ಮಲಗಿಸಿಕೊಂಡು ಹೊರಟ. ದಾರಿಯುದ್ದಕ್ಕೂ ಅವನಿಗೆ ಹಬ್ಬ.

ಹಿನ್ನೀರಿನ ದಂಡೆಯಲ್ಲಿ ಜೀಪು ನಿಲ್ಲಿಸಿದಾಗ ಎದುರಿಗೆ ಬರೀ ಕೆಂಪು ನೀರು. ಗೋಡೆಯಿಲ್ಲ, ಬಾವಿಯಿಲ್ಲ, ಬದುವಿಲ್ಲ. ದಂಡೆಯಲ್ಲಿ ಬಲೆ ಒಣಗಿಸುತ್ತಿದ್ದ ಮೀನುಗಾರ ಇವರನ್ನು ನೋಡಿ, "ಹೋದ ವಾರ ಬರೋದಲ್ವಾ? ಸೋಮವಾರದ ತಂಕ ಅಲ್ಲಿ ದನ ಮೇಯ್ತಿದ್ವು" ಎಂದ.

ಮೇಸ್ತ್ರಿ ಟ್ರೇಲರಿನೊಳಗೆ ಹೋಗಿ ಅಕ್ಕನ ತಲೆಯ ಕೆಳಗೆ ತೋಳು ಕೊಟ್ಟು ಕಿಟಕಿಯ ಮಟ್ಟಕ್ಕೆ ಎತ್ತಿದ. ಅವಳು ಬಹಳ ಹೊತ್ತು ನೀರನ್ನೇ ನೋಡಿದಳು. "ನಮ್ಮ ಹೊಲ ಯಾವ ಕಡೆ ಬರ್ತದೆ?" ಎಂದು ಕೇಳಿದಳು. ಅವನು ಸುಮ್ಮನೆ ಒಂದು ಕಡೆ ಕೈ ತೋರಿಸಿದ. ಊರು ಬಿಟ್ಟಾಗ ಅವನಿಗೆ ಐದು ವರ್ಷ, ಅವನಿಗೇನು ಗೊತ್ತು? ಜಾಗ ಗೊತ್ತಿದ್ದವಳು ಅವಳೊಬ್ಬಳೇ. ಗುರುತು ಹಿಡಿಯಲು ಅವಳಿಗೂ ಏನೂ ಉಳಿದಿರಲಿಲ್ಲ.

ಮಲಗಿಸು ಎಂದಳು. ಮಲಗಿ, ಕೈ ಎತ್ತಿ ತಲೆಯ ಮೇಲಿನ ಹಲಗೆ ಸವರಿದಳು. "ಚೆನ್ನಾಗಿ ಮಾಡಿದ್ದೀಯಪ್ಪ" ಎಂದಳು. ಬೈದಿದ್ದರೆ ಅವನು ಹೇಗೋ ತಾಳಿಕೊಳ್ಳುತ್ತಿದ್ದ. ದಂಡೆಯ ಮೇಲೆ ಕೂತು ಅತ್ತ.

ಮುಂದಿನ ಬೇಸಿಗೆಯಲ್ಲಿ ನೀರು ಅಷ್ಟು ಇಳಿಯಲಿಲ್ಲ. ಅದರ ಮುಂದಿನದರಲ್ಲೂ ಇಳಿಯಲಿಲ್ಲ. ಮೂರನೆಯ ಬೇಸಿಗೆಗೆ ಅಕ್ಕ ಇರಲಿಲ್ಲ. ಆ ವರ್ಷದಿಂದ ಮೇಸ್ತ್ರಿ ಯಾರ ಗಾಡಿಯನ್ನೂ ಶೆಡ್ಡಿನಲ್ಲಿ ತಡೆದು ನಿಲ್ಲಿಸಲಿಲ್ಲ. ಇನ್ನೊಂದು ಕೈ ಬಣ್ಣ ಬಳಿಯಬೇಕಲ್ಲ ಎಂದು ಚಾಲಕನೇ ಕೇಳಿದರೂ, "ಆಮೇಲೆ ಬಾ, ಈಗ ಹೋಗು" ಎನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮನಸ್ಸು ಕಲಕಿಹೋಗಿತ್ತು. ಆದರೂ ಸೋಲೊಪ್ಪಲು ಮನಸ್ಸಿಲ್ಲ.

"ಪಾಪ, ಮೊದಲ ಸಲವೇ ಸರಿಯಾದ ಹಲಗೆ ಬಂದಿದ್ದರೆ ಎಲ್ಲ ನೆಟ್ಟಗಾಗುತ್ತಿತ್ತು. ಎಷ್ಟೆಂದರೂ ಅವನು ಮಾಡಿದ್ದು ಅಕ್ಕನಿಗಾಗಿಯೇ ಅಲ್ಲವೇ ಗುರುಗಳೇ?" ಎಂದ.

"ಅಕ್ಕ ಒಂದು ಸಲವಾದರೂ ಸೂರು ಕೇಳಿದ್ದಳೇನಪ್ಪ?" ಎಂದರು ಗುರುಗಳು.

ಶಿಷ್ಯ ತಲೆ ತಗ್ಗಿಸಿದ.