ಮಸುಕು ಗಾಜಿನ ಒರಟು ಮಗ್ಗುಲು

ತುಂಗಭದ್ರೆಯ ದಂಡೆಯಲ್ಲಿ, ದೊಡ್ಡ ಬಂಡೆಗಳ ನೆರಳಿಗೆ ಮೌನೇಶಾಚಾರ್ಯರ ಕೆಲಸದ ಮನೆ ಇತ್ತು. ಊರವರು ಅದನ್ನು ಆಶ್ರಮ ಎನ್ನುತ್ತಿದ್ದರು. ಅಲ್ಲಿ ಪೂಜೆಯೂ ಇಲ್ಲ, ಪ್ರವಚನವೂ ಇಲ್ಲ. ಮೂರು ಕಾಲಿನ ಮೇಲೆ ನಿಲ್ಲಿಸಿ, ಕರಿ ಬಟ್ಟೆ ಹೊದ್ದು ನೋಡಬೇಕಾದ ಹಳೆಯ ಕಾಲದ ದೊಡ್ಡ ಕ್ಯಾಮೆರಾಗಳನ್ನು ಆಚಾರ್ಯರು ರಿಪೇರಿ ಮಾಡುತ್ತಿದ್ದರು. ಮಾತು ಕಡಿಮೆ ಇದ್ದುದರಿಂದ ಜನಕ್ಕೆ ಅದು ಆಶ್ರಮದಂತೆ ಕಂಡಿರಬೇಕು.

ಆ ಕ್ಯಾಮೆರಾಗಳನ್ನು ಮಾಡಿದ ಕಂಪನಿಗಳು ಎಂದೋ ಬಾಗಿಲು ಹಾಕಿದ್ದವು. ಒಂದು ಹಿತ್ತಾಳೆ ತಿರುಗಣೆ ಮುರಿದರೆ, ಲೆನ್ಸಿನ ಹಿಂದಿನ ಮಡಿಕೆಮಡಿಕೆಯ ಚರ್ಮದ ತಿದಿ ಹರಿದರೆ, ಅಂಗಡಿಗೆ ಹೋಗಿ ಕೊಳ್ಳುವ ಹಾಗಿರಲಿಲ್ಲ. ಸತ್ತ ಕ್ಯಾಮೆರಾದಿಂದ ತೆಗೆದು ಬದುಕಿರುವುದಕ್ಕೆ ಹಾಕಬೇಕು. ಅದಕ್ಕಾಗಿ ಆಚಾರ್ಯರು ಗುಜರಿ ಬಜಾರುಗಳನ್ನು, ಮುಚ್ಚಿದ ಸ್ಟುಡಿಯೋಗಳ ಅಟ್ಟಗಳನ್ನು ಜಾಲಾಡುತ್ತಿದ್ದರು.

ಅಲ್ಲಿ ಒಂದು ಪದ್ಧತಿ ಇತ್ತು. ಯಾವ ಕ್ಯಾಮೆರಾವನ್ನೇ ಆಗಲಿ ಬಿಚ್ಚಿ ಬಿಡಿಭಾಗ ಮಾಡುವ ಮೊದಲು ಅದರಿಂದ ಕಡೆಯದೊಂದು ಚಿತ್ರ ತೆಗೆಯಬೇಕು. ಹೊಳೆಯದ್ದೋ, ಬಂಡೆಯದ್ದೋ. ಬರೀ ಕಪ್ಪು ಬಂದರೆ ಕಪ್ಪು, ಬಿಳಿ ಬಂದರೆ ಬಿಳಿ. ಆಮೇಲೆಯೇ ಸ್ಕ್ರೂಗೆ ಕೈ ಹಾಕುವುದು.

ಶಿಷ್ಯನ ಹೆಸರು ಯಮನೂರಪ್ಪ. ಮೂವತ್ತು ದಾಟಿದವನು. ಬಡಿಗತನ ಕಲಿತು, ಬಾಗಿಲು ಕಿಟಕಿ ಮಾಡಿ ಬೇಸತ್ತು ಇಲ್ಲಿಗೆ ಬಂದಿದ್ದ. ಕೈ ಬಲು ಚುರುಕು. ಅದು ಅವನಿಗೇ ಚೆನ್ನಾಗಿ ಗೊತ್ತಿದ್ದುದು ಅವನ ತೊಂದರೆ.

ಬಂದಾಗಿನಿಂದ ಅವನು ತನ್ನದೇ ಒಂದು ಕ್ಯಾಮೆರಾ ಕಟ್ಟುತ್ತಿದ್ದ. ಮರ ಒಂದರದ್ದು, ಹಿತ್ತಾಳೆ ಇನ್ನೊಂದರದ್ದು, ತಿದಿ ಮಾತ್ರ ತಾನೇ ಮಡಿಚಿದ್ದು. ಲೆನ್ಸ್ ಒಂದು ಸಿಕ್ಕಿರಲಿಲ್ಲ. ಶಿಷ್ಯ ಕಟ್ಟಿದ ಕ್ಯಾಮೆರಾದಲ್ಲಿ ಮೊದಲ ಚಿತ್ರ ಬಂದ ದಿನ ಗುರುಗಳು ಅಪ್ಪಣೆ ಕೊಡುತ್ತಾರೆ. ಅವನು ಬೇರೆ ಊರಲ್ಲಿ ತನ್ನ ಅಂಗಡಿ ಇಡಬಹುದು. ಆ ದಿನಕ್ಕಾಗಿ ಯಮನೂರಪ್ಪನ ಜೀವ ತುಡಿಯುತ್ತಿತ್ತು.

ಒಂದು ಬೆಳಗ್ಗೆ ಹರಿಗೋಲಿನಲ್ಲಿ ಹೊಳೆ ದಾಟಿ ಗಣಪತ್‌ಸಾ ಬಂದರು. ಆಚೆ ದಂಡೆಯ ಊರಿನ ಹಳೆಯ ಫೋಟೋಗ್ರಾಫರು. ಕಂಬಳಿಯಲ್ಲಿ ಸುತ್ತಿದ ಕ್ಯಾಮೆರಾವನ್ನು ಕೂಸಿನಂತೆ ಎತ್ತಿಕೊಂಡಿದ್ದರು.

"ಅಜ್ಜಾರು ಅದಾರೇನು?" ಆಚಾರ್ಯರನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ.

"ಹುಬ್ಬಳ್ಳಿಗೆ ಹೋಗ್ಯಾರ್ರಿ ಕಾಕಾ, ಸಾಮಾನು ಹುಡುಕಾಕ. ಬರೂದು ತಡಾ ಆಕ್ಕೈತಿ."

"ನನಗ ತಡಾ ಮಾಡಾಕ ಬರೂದಿಲ್ಲೋ ಯಮನೂರ. ಇದರ ಮಸುಕು ಗಾಜು ಒಡದೈತಿ. ನಿಮ್ಮ ಕಾಕು ಫೋಟೋಕ್ಕ ಕುಂಡ್ರತೀನಿ ಅಂದಾಳ."

ಊರಿಗೆಲ್ಲ ಫೋಟೋ ತೆಗೆದ ಗಣಪತ್‌ಸಾ ಅವರ ಹೆಂಡತಿ ತುಳಜಾಬಾಯಿ ಒಮ್ಮೆಯೂ ಕ್ಯಾಮೆರಾದ ಮುಂದೆ ಕೂತವರಲ್ಲ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಮ್ಮಿಯಾಗುತ್ತದೆಂದು ಅವರ ತವರಿನ ನಂಬಿಕೆ. ಗಂಡ ಗೋಗರೆದು ಸೋತಿದ್ದರು. ಈಗ ಹಾಸಿಗೆ ಹಿಡಿದ ಮೇಲೆ ಆಕೆಯೇ ಹೇಳಿದ್ದರಂತೆ: "ಇನ್ನೇನು ಕಮ್ಮಿ ಆಗೂದೈತಿ, ತಗೀರಿ."

ಕ್ಯಾಮೆರಾದ ಬೆನ್ನಿಗಿರುವ ಮಸುಕು ಗಾಜಿನ ಮೇಲೆಯೇ ಚಿತ್ರ ತಲೆಕೆಳಗಾಗಿ ಬಿದ್ದು ಕಾಣುವುದು. ಅದರಲ್ಲಿ ಚೊಕ್ಕವಾಗಿ ಕಾಣುವವರೆಗೆ ಹೊಂದಿಸಿಕೊಂಡು, ಆಮೇಲೆ ಗಾಜಿದ್ದ ಜಾಗಕ್ಕೆ ಫಿಲ್ಮು ಇಟ್ಟು ಚಿತ್ರ ತೆಗೆಯುತ್ತಾರೆ.

ಯಮನೂರಪ್ಪ ಕಿಟಕಿಯ ಗಾಜೊಂದನ್ನು ಅಳತೆಗೆ ಕೊರೆದ. ಉಜ್ಜುವ ಎಮರಿ ಪುಡಿಯನ್ನು ನೀರಲ್ಲಿ ಕಲಸಿ ಅದರ ಮೇಲೆ ಹರಡಿ, ಇನ್ನೊಂದು ಗಾಜಿನಿಂದ ಸುತ್ತು ಸುತ್ತಾಗಿ ತೀಡಿದ. ಮಧ್ಯಾಹ್ನದ ಹೊತ್ತಿಗೆ ಒಂದು ಮಗ್ಗುಲು ನುಣ್ಣನೆಯ ಮಸುಕಾಯಿತು. ಗುರುಗಳಿಲ್ಲದಾಗ ಒಬ್ಬನೇ ಮಾಡಿದ ಕೆಲಸ. ಆ ಮಗ್ಗುಲನ್ನು ಹೊರಕ್ಕೆ ಮಾಡಿ ಕೂರಿಸಿದ, ಕಾಕಾ ಬೆರಳಾಡಿಸಿ ನೋಡಲಿ ಎಂದು.

ಗಣಪತ್‌ಸಾ ಬೆರಳಾಡಿಸಿ ನೋಡಿದರು. "ರೇಷ್ಮಿ ಆಗೈತಲ್ಲೋ!" ಎಂದರು. ಕ್ಯಾಮೆರಾ ಎತ್ತಿಕೊಂಡು ಹೊರಟೇಬಿಟ್ಟರು.

ಹುಬ್ಬಳ್ಳಿಯಿಂದ ಬಂದ ಆಚಾರ್ಯರು ಎಲ್ಲ ಕೇಳಿಸಿಕೊಂಡರು.

"ಕೊಡೂಕಿಂತ ಮೊದಲು ಒಂದು ಚಿತ್ರ ತಗದು ನೋಡಿದ್ಯಾ?"

"ಗಾಜಿನಾಗ ಚೊಕ್ಕ ಕಾಣ್ತಿತ್ರಿ."

"ನಾ ಕೇಳಿದ್ದು ಚಿತ್ರಾ."

ಮರುದಿನ ಆಚಾರ್ಯರೇ ಹೊಳೆ ದಾಟಲು ಹೊರಟಿದ್ದರು. ಅಷ್ಟರಲ್ಲಿ ಹರಿಗೋಲಿನವನು ಸುದ್ದಿ ತಂದ. ತುಳಜಾಬಾಯಿ ತೀರಿಕೊಂಡಿದ್ದರು.

ಕರ್ಮಗಳೆಲ್ಲ ಮುಗಿದ ಮೇಲೆ ಗಣಪತ್‌ಸಾ ಮತ್ತೆ ಬಂದರು. ಈ ಸಲ ಕ್ಯಾಮೆರಾವನ್ನು ಹರಿಗೋಲಿನವನು ಹೊತ್ತಿದ್ದ. ಅವರು ಅವನ ಭುಜ ಹಿಡಿದು ಬಂದರು.

"ಅಜ್ಜಾರ, ಇದನ್ನ ಬಿಚ್ಚಿಬಿಡ್ರಿ. ಯಾರಿಗರ ಉಪಯೋಗ ಆಗ್ಲಿ."

"ಯಾಕ್ರಿ?"

ಗಣಪತ್‌ಸಾ ಜೇಬಿನಿಂದ ಒಂದು ಫೋಟೋ ತೆಗೆದು ಕೊಟ್ಟರು. ಗೋಡೆಗೆ ಒರಗಿ ಕೂತ ಒಬ್ಬ ಹೆಂಗಸು. ಮೂಗಿನ ಜಾಗದಲ್ಲಿ ಮೂಗು, ಕಣ್ಣಿನ ಜಾಗದಲ್ಲಿ ಕಣ್ಣು ಇದ್ದವು, ಆದರೆ ಮುಖವೆಂಬುದು ಕರಗಿಹೋಗಿತ್ತು.

"ನನ್ನ ಕಣ್ಣು ಹೋದುವ್ರಿ. ಗಾಜಿನಾಗ ಆಕಿ ಚೊಕ್ಕ ಕಂಡಾಳ ಅಂತ ನಾನ ತಿಳಕೊಂಡೆ. ಏನು ನೋಡಿದ್ನೋ ಏನೋ. ಇಷ್ಟು ವರ್ಷಕ್ಕ ಒಂದ ಸಲ ಕುಂತ್ಲು ಅಜ್ಜಾರ. ಒಂದ ಸಲ. ಅದನ್ನೂ ನಾ ಕೆಡಿಸಿದೆ."

ಅವರು ಕ್ಯಾಮೆರಾದ ಮೇಲೊಮ್ಮೆ ಕೈಯಾಡಿಸಿದರು.

"ಲೆನ್ಸ್ ನಮ್ಮ ಯಮನೂರಗ ಕೊಡ್ರಿ," ಎಂದರು ಗಣಪತ್‌ಸಾ. "ಅವಂದು ಅದೊಂದಕ್ಕ ನಿಂತೈತಿ."

ಯಮನೂರಪ್ಪನ ಎದೆ ಜಿಗಿಯಿತು. ನಾಚಿಕೆಗೇಡಿನ ಮಾತು, ಆದರೆ ಮೊದಲು ಜಿಗಿದದ್ದು ಸಂತೋಷಕ್ಕೇ.

ಆಚಾರ್ಯರು ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದು ಎರಡು ದಿನ ಇಲ್ಲೇ ಇರ್ಲಿ," ಎಂದರು.

"ಇಟ್ಕೋರಿ. ನನಗ ನೋಡಾಕ ಆಗೂದಿಲ್ಲ."

ಅವರು ಹೋದ ಮೇಲೆ ಯಮನೂರಪ್ಪ ಸ್ಕ್ರೂಡ್ರೈವರ್ ಹುಡುಕತೊಡಗಿದ.

"ಕಡೇ ಚಿತ್ರಾ?" ಎಂದರು ಆಚಾರ್ಯರು.

"ತಗೀತೀನ್ರಿ. ಹೊಳಿ ಕಡೆ ಇಡ್ಲ್ಯಾ?"

"ಇವತ್ತು ಹೊಳಿ ಬ್ಯಾಡ. ನನ್ನ ತಗಿ."

ಆಚಾರ್ಯರು ಎಂದೂ ಹಾಗೆ ಹೇಳಿದವರಲ್ಲ. ಹೋಗಿ, ಸುಣ್ಣ ಬಳಿದ ಗೋಡೆಗೆ ಬೆನ್ನು ಕೊಟ್ಟು ಕೂತರು.

"ನನ್ನ ಕಣ್ಣು ಚೊಕ್ಕ ಕಾಣೂವಂಗ ಹಿಡಿ."

ಯಮನೂರಪ್ಪ ಕರಿ ಬಟ್ಟೆ ಹೊದ್ದ. ಗಾಜಿನಲ್ಲಿ ಗುರುಗಳು ತಲೆಕೆಳಗಾಗಿ ಕೂತಿದ್ದರು. ರೆಪ್ಪೆಯ ಒಂದೊಂದು ಕೂದಲೂ ಎಣಿಸುವಂತೆ ಕಾಣುತ್ತಿತ್ತು. ಫಿಲ್ಮು ಇಟ್ಟು ಚಿತ್ರ ತೆಗೆದ. ಕತ್ತಲ ಕೋಣೆಯಲ್ಲಿ ತೊಳೆದು, ಮುದ್ರಿಸಿ, ಒಣಗಿಸಿ ತಂದ.

ಚಿತ್ರದಲ್ಲಿ ಆಚಾರ್ಯರ ಮುಖ ಕರಗಿಹೋಗಿತ್ತು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಸುಣ್ಣದ ಸಣ್ಣ ಬಿರುಕೂ ಗೆರೆ ಕೊರೆದಂತೆ ಬಂದಿತ್ತು.

"ನಿನ್ನ ಕಣ್ಣೂ ಹೋದುವೇನು?" ಎಂದರು ಆಚಾರ್ಯರು.

ಅವರು ಎರಡು ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟರು. ತುಳಜಾಬಾಯಿಯವರ ಚಿತ್ರದಲ್ಲೂ ಗೋಡೆ ಚೊಕ್ಕವಾಗಿತ್ತು.

ಯಮನೂರಪ್ಪ ಕ್ಯಾಮೆರಾದ ಹತ್ತಿರ ಹೋಗಿ ಗಾಜಿನ ಮೇಲೆ ಬೆರಳಿಟ್ಟ. ತೀಡಿದ ಒರಟು ಮಗ್ಗುಲು ಅವನ ಕಡೆಗಿತ್ತು. ಅದು ಲೆನ್ಸಿನ ಕಡೆಗಿರಬೇಕಿತ್ತು. ಚಿತ್ರ ಬೀಳುವುದು ಒರಟು ಮಗ್ಗುಲಿನ ಮೇಲೆ. ಅದನ್ನು ಅವನು ಗಾಜಿನ ದಪ್ಪದಷ್ಟು ಹಿಂದಕ್ಕೆ ಸರಿಸಿದ್ದ. ಫಿಲ್ಮು ತನ್ನ ಹಳೆಯ ಜಾಗದಲ್ಲೇ ಕೂತಿತ್ತು. ಹಾಗಾಗಿ ಫಿಲ್ಮು ಮುಖವನ್ನು ಬಿಟ್ಟು, ಗೇಣು ಹಿಂದಿನ ಗೋಡೆಯನ್ನು ಹಿಡಿದಿತ್ತು. ಗಣಪತ್‌ಸಾ ನೋಡಿದ್ದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ.

ಅವನು ಗುರುಗಳ ಕಡೆ ತಿರುಗಿದ.

"ಅಜ್ಜಾರ, ನಾ ಏನು ಮಾಡ್ಲಿ?"

ಆಚಾರ್ಯರು ಲೆನ್ಸನ್ನು ತಿರುಗಿಸಿ ಬಿಚ್ಚಿ ಅವನ ಅಂಗೈಯಲ್ಲಿಟ್ಟರು.

"ಭಾರ ಎಷ್ಟೈತಿ ನೋಡು," ಎಂದು ಸ್ನಾನಕ್ಕೆ ಹೊಳೆಗೆ ಹೋದರು.

ಯಮನೂರಪ್ಪ ಲೆನ್ಸ್ ಹಿಡಿದುಕೊಂಡು ಕೂತ. ಎದುರಿಗೆ ಅವನ ಸ್ವಂತ ಕ್ಯಾಮೆರಾ ಬಾಯಿ ತೆರೆದು ನಿಂತಿತ್ತು. ಕಾಕು ಹೋದವರು ಹೋದರು, ಎಂದುಕೊಂಡ. ಈಗ ಹೇಳಿದರೆ ಮುಖ ತಿರುಗಿ ಬರುತ್ತದೆಯೇ? ಮುದುಕರ ಗಾಯಕ್ಕೆ ಉಪ್ಪು ಹಾಕಿದಂತೆ, ಅಷ್ಟೆ. ಹೀಗೆಂದುಕೊಳ್ಳುತ್ತ ಕಾಕುವಿನ ಫೋಟೋವನ್ನು ಮತ್ತೊಮ್ಮೆ ನೋಡಿದ. ಆಗ ಅದರಲ್ಲಿನ ಗೋಡೆಯ ಮೇಲೆ ಏನೋ ಕಂಡಿತು. ಕಂಡದ್ದೇ ತಡ, ಫೋಟೋ ಹಿಡಿದುಕೊಂಡು ಹರಿಗೋಲಿನ ಕಡೆ ಓಡಿದ.

ಸಂಜೆ ಹಗುರಾಗಿ ಮರಳಿ ಬಂದ.

"ಕಾಕಾಗ ಸಮಾಧಾನ ಮಾಡಿ ಬಂದ್ನಿ ಅಜ್ಜಾರ."

"ಏನಂತ?"

"ಕಾಕು ಕುಂಕುಮ ಹಚ್ಚಿಕೊಂಡು ಬೆರಳಾಗ ಉಳದಿದ್ದನ್ನ ದಿನಾ ಆ ಗ್ವಾಡಿಗೇ ಒರಸತಿದ್ರು, ಅವರ ಮನಿಗೆ ಹೋದಾಗ ನೋಡಿದ್ನಿ. ಆ ಬೆರಳಿನ ಗುರುತು ಅಷ್ಟೂ ಫೋಟೋದಾಗ ಬಂದಾವ್ರಿ, ಒಂದರ ಮ್ಯಾಲ ಒಂದು. ಮುಖಾ ಬರದಿದ್ರ ಏನಾತ್ರಿ ಕಾಕಾ, ಕಾಕು ಕೈ ಬಂದೈತಿ ಅಂದೆ. ಅತ್ರು. ನನ್ನ ತಲಿ ಮ್ಯಾಲ ಕೈ ಇಟ್ರು."

"ಗಾಜಿಂದು ಹೇಳಿದ್ಯಾ?"

ಯಮನೂರಪ್ಪ ಲೆನ್ಸನ್ನು ಎತ್ತಿಕೊಂಡು ಒರೆಸತೊಡಗಿದ.

"ತಪ್ಪಿಗೆ ಹೂವು ಮುಡಿಸಿ ಬಂದಿ," ಎಂದರು ಆಚಾರ್ಯರು.

"ಸಮಾಧಾನ ಆಗ್ಯಾರ್ರಿ ಅವರು. ಇನ್ಯಾಕ ಕೆದಕೂದು?"

"ನೀ ಹೋದಾಗ ಏನು ಮಾಡಾಕತ್ತಿದ್ರು?"

ಅದನ್ನು ಹೇಳಬೇಕೆಂದು ಅವನಿಗೆ ಅನಿಸಿರಲಿಲ್ಲ. ಕೇಳಿದ ಮೇಲೆ ಹೇಳಲೇಬೇಕಾಯಿತು.

"ಸುಮ್ಮನ ಕುಂತಿದ್ರು. ಚಷ್ಮಾ ತಗದು ಪೆಟ್ಟಿಗ್ಯಾಗ ಇಟ್ಟಾರ. ಪೇಪರ್ ಓದೂದು ಬಿಟ್ಟಾರ. ಮನ್ಯಾಗ ಗ್ವಾಡಿ ಹಿಡಕೊಂಡು ಅಡ್ಡಾಡತಾರ್ರಿ. ಕಣ್ಣು ಕಾಣ್ತಾವ ಅಜ್ಜಾರ, ನನ್ನ ಗುರುತು ಹಿಡದ್ರು. ಆದ್ರ ಕಾಣ್ತಾವ ಅಂತ ಅವರು ನಂಬೂದಿಲ್ಲ."

ಆಚಾರ್ಯರು ದೀಪ ಹಚ್ಚಲು ಎದ್ದರು.

ಮರುದಿನ ಬೆಳಗ್ಗೆ ಯಮನೂರಪ್ಪ ಗಾಜನ್ನು ಬಿಚ್ಚಿ ಸರಿಯಾಗಿ ತಿರುಗಿಸಿ ಕೂರಿಸಿದ. ಲೆನ್ಸನ್ನು ಅದರ ಜಾಗಕ್ಕೆ ತೊಡಿಸಿದ. ಒಂದು ಚಿತ್ರ ತೆಗೆದು ನೋಡಿದ. ಆಮೇಲೆ ಕ್ಯಾಮೆರಾವನ್ನು ಕಂಬಳಿಯಲ್ಲಿ ಸುತ್ತಿ ಹೊತ್ತುಕೊಂಡು ಹೊರಟ.

ಗಣಪತ್‌ಸಾ ಪಡಸಾಲೆಯಲ್ಲಿ ಕೂತಿದ್ದರು. ಫೋಟೋ ತೊಡೆಯ ಮೇಲಿತ್ತು.

"ಬಾರೋ ಯಮನೂರ," ಎಂದರು ಅಕ್ಕರೆಯಿಂದ. ಆ ಅಕ್ಕರೆ ಅವನನ್ನು ಸುಟ್ಟಿತು.

ಅವನು ಕೂರಲಿಲ್ಲ. ನಿಂತೇ ಹೇಳಿದ. ಗಾಜನ್ನು ಉಲ್ಟಾ ಕೂರಿಸಿದ್ದು, ಯಾಕೆ ಹಾಗೆ ಕೂರಿಸಿದ್ದು, ಗುರುಗಳು ಗೋಡೆಗೆ ಒರಗಿ ಕೂತು ಚಿತ್ರ ತೆಗೆಸಿದ್ದು, ಲೆನ್ಸಿನ ಆಸೆಗೆ ನಿನ್ನೆ ಬಾಯಿ ಮುಚ್ಚಿಕೊಂಡದ್ದು. ಏನನ್ನೂ ಉಳಿಸಿಕೊಳ್ಳಲಿಲ್ಲ.

ಗಣಪತ್‌ಸಾ ಫೋಟೋವನ್ನು ಕಣ್ಣ ಹತ್ತಿರ ಎತ್ತಿಕೊಂಡು ನೋಡಿದರು.

"ಹಂಗಾರ," ಎಂದರು ಕಡೆಗೆ, "ಅವತ್ತು ಗಾಜಿನಾಗ ನಾ ಆಕೀನ ನೋಡೀನಿ?"

"ನೋಡೀರಿ ಕಾಕಾ. ಚೊಕ್ಕ ನೋಡೀರಿ."

"ಆಕಿ ನಕ್ಕಿದ್ಲು. ಫಿಲ್ಮು ಇಡೂಕಿಂತ ಮೊದಲು. ನಾ ನೋಡಿದ್ದು ಖರೇನ?"

"ಖರೇರಿ."

ಮುದುಕರ ಗಲ್ಲದ ಮೇಲೆ ನೀರು ಇಳಿಯಿತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ. ಆಮೇಲೆ ಅವರ ದವಡೆ ಬಿಗಿಯಿತು.

"ಹೊರಗ ನಡಿ."

"ಕಾಕಾ..."

"ಆ ನಗಿ ಫಿಲ್ಮಿನ ಮ್ಯಾಲ ಇರಬೇಕಿತ್ತೋ. ಕ್ಯಾಮೆರಾ ಇಟ್ಟು ನಡಿ. ಇನ್ನ ನನ್ನ ಮನಿ ಮೆಟ್ಟಲಾ ಹತ್ತಬ್ಯಾಡ."

ಯಮನೂರಪ್ಪ ಕ್ಯಾಮೆರಾ ಇಟ್ಟು ಹೊರಗೆ ಬಂದ. ಹಿಂದೆಯೇ ಗಣಪತ್‌ಸಾ ಬಂದು ಬಾಗಿಲು ಹಾಕಿಕೊಂಡರು.

ಅವನು ದಂಡೆಗೆ ಮರಳಿದಾಗ ಆಚಾರ್ಯರು ಹುಬ್ಬಳ್ಳಿಯಿಂದ ತಂದ ಹಿತ್ತಾಳೆಯ ತುಣುಕೊಂದನ್ನು ತಿಕ್ಕುತ್ತ ಕೂತಿದ್ದರು. ಯಮನೂರಪ್ಪ ಎದುರಿಗೆ ಕುಸಿದು ಕೂತ.

"ಎಲ್ಲಾ ಹೇಳಿದೆ ಅಜ್ಜಾರ. ಹೊರಗ ಹಾಕಿದ್ರು. ತಾವ ಎದ್ದು ಬಂದು ನನ್ನ ಮುಖದ ಮ್ಯಾಲ ಬಾಗಿಲಾ ಹಾಕ್ಕೊಂಡ್ರು. ಕ್ಷಮಾ ಸಿಗಲಿಲ್ಲ. ನಿನ್ನೆ ತಲಿ ಮ್ಯಾಲ ಇಟ್ಟ ಕೈನೂ ಹೋತು, ಲೆನ್ಸೂ ಹೋತು."

ಆಚಾರ್ಯರು ತಿಕ್ಕುವುದನ್ನು ನಿಲ್ಲಿಸಿದರು.

"ಬಾಗಿಲದ ತನಕ ಗ್ವಾಡಿ ಹಿಡಕೊಂಡು ಬಂದ್ರೇನು?"

ಯಮನೂರಪ್ಪ ನೆನಪು ಮಾಡಿಕೊಂಡ.

"ಇಲ್ರಿ. ನೆಟ್ಟಗ ಬಂದ್ರು."

"ಹಂಗಾರ ಅವರದು ಅವರಿಗೆ ಮುಟ್ಟಿತು. ನಿನಗೇನು ಸಿಕ್ತು ಅಂತ ನಾ ಕೇಳಿಲ್ಲೋ ತಮ್ಮಾ."