ಮಾಣಿಕನ ಕೊರಳ ಹಗ್ಗ

ಬೆಣ್ಣೆಗಿರಿ ಅಂತ ಒಂದು ರಾಜ್ಯ ಇತ್ತು, ಮಕ್ಕಳೇ. ಅಲ್ಲಿ ಸಿದ್ದವ್ವ ಅನ್ನೋ ಸೂಲಗಿತ್ತಿ ಇದ್ದಳು. ಕಣ್ಣು ಕಾಣದು, ಆದರೆ ಕೈಗುಣ ದೊಡ್ಡದು. ಯಾರಿಗೆ ಹೆರಿಗೆ ನೋವು ಬಂದರೂ ಅವಳಿಗೇ ಕರೆ. ಅವಳಿಗೆ ದಾರಿ ತೋರುತ್ತಿದ್ದವನು ಮಾಣಿಕ ಅನ್ನೋ ನಾಯಿ. ಅವನ ಕೊರಳ ಹಗ್ಗ ಹಿಡಿದು ಅವಳು ರಾಜ್ಯವನ್ನೆಲ್ಲ ಸುತ್ತುತ್ತಿದ್ದಳು.

ಮಾಣಿಕನಿಗೆ ವಯಸ್ಸಾಯಿತು. ಕಣ್ಣಿಗೆ ಪೊರೆ ಬಂತು. ಒಂದು ದಿನ ಸಿದ್ದವ್ವನನ್ನು ನಿಂತ ಗಾಡಿಗೆ ಹಾಯಿಸಿದ. ಇನ್ನೊಂದು ದಿನ ತಿಪ್ಪೆಗುಂಡಿಗೆ ಇಳಿಸಿದ. ಮತ್ತೊಂದು ದಿನ ಬಾವಿಯ ಅಂಚಿಗೇ ಒಯ್ದುಬಿಟ್ಟ. ಸಿದ್ದವ್ವ ಬೈಯಲಿಲ್ಲ. ಚಿಗರಿ ಅನ್ನೋ ಎಳೇ ನಾಯಿಯನ್ನು ತಂದಳು. ಮಾಣಿಕನ ಹಗ್ಗ ಬಿಚ್ಚಿ ಅದರ ಕೊರಳಿಗೆ ಕಟ್ಟಿದಳು.

ಮಾಣಿಕನ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ನನ್ನ ಹಗ್ಗ! ನಿನ್ನೆ ಬಂದ ಮರಿಗೆ! ರೊಟ್ಟಿ ಹಾಕಿದರೆ ಮೂಸಲಿಲ್ಲ. ಅವಳು ಚಿಗರಿಯ ತಲೆ ಸವರಿದರೆ ಗೋಡೆಯ ಕಡೆ ಮುಖ ತಿರುಗಿಸಿದ.

“ಕಾಕಾ, ದಾರಿ ಕಲಿಸು” ಅಂತು ಚಿಗರಿ.

“ಗಾಡಿ ಬಂದರ ನಿಲ್ಲಬ್ಯಾಡ, ಓಡು” ಅಂದ ಮಾಣಿಕ. ಚಿಗರಿ ಓಡಿತು. ಸಿದ್ದವ್ವನ ಮೊಣಕಾಲು ತರಚಿತು.

“ಬೇಲಿ ಬಂದರ ನಿಲ್ಲಬ್ಯಾಡ, ನುಗ್ಗು.” ಚಿಗರಿ ನುಗ್ಗಿತು. ಸಿದ್ದವ್ವನ ಸೀರೆ ಮುಳ್ಳಿಗೆ ಹರಿಯಿತು. ಆದರೂ ಅವಳು ಚಿಗರಿಯನ್ನು ಹೊರಗೆ ಹಾಕಲಿಲ್ಲ. ಮಾಣಿಕನ ಕಿಚ್ಚು ಇನ್ನೂ ಏರಿತು.

“ಹಳ್ಳ ಬಂದರ ನಿಲ್ಲಬ್ಯಾಡ, ಜಿಗಿ.” ಹಳ್ಳದಲ್ಲಿ ಇರೋದೇ ಪಾದ ಮುಳುಗುವಷ್ಟು ನೀರು. ಅವ್ವ ಒದ್ದೆಯಾಗಲಿ, ಆಗ ನನ್ನ ಬೆಲೆ ತಿಳೀತದೆ ಅಂದುಕೊಂಡ.

ಮರುದಿನ ಬೆಳಿಗ್ಗೆ ಅರಮನೆಯಿಂದ ಕರೆ ಬಂತು. ರಾಣಿಗೆ ನೋವು ಶುರುವಾಗಿತ್ತು. ಸಿದ್ದವ್ವ ಚಿಗರಿಯ ಹಗ್ಗ ಹಿಡಿದಳು, ಇನ್ನೊಂದು ಹಗ್ಗ ತಂದು ಮಾಣಿಕನಿಗೂ ಕಟ್ಟಿದಳು.

“ನಿನಗೂ ಈಗ ಕಣ್ಣು ಮಂದ, ನನ್ನಪ್ಪಾ. ನಮ್ಮಿಬ್ಬರಿಗೂ ಚಿಗರೀನ ದಾರಿ ತೋರಸ್ತೈತಿ.”

ಗುಡ್ಡದ ಮೇಲೆ ಮಳೆಯಾಗಿತ್ತು. ದೂರದಿಂದಲೇ ಹಳ್ಳ ಭೋರ್ಗರೆಯುವುದು ಕೇಳಿಸಿತು. ಚಿಗರಿ ಹೆಜ್ಜೆ ಚುರುಕು ಮಾಡಿತು. ಮಾಣಿಕ ಕೂಗಿಕೊಂಡ:

“ನಿಲ್ಲು! ಜಿಗಿಬ್ಯಾಡ! ನಾ ಹೇಳಿದ್ದೆಲ್ಲಾ ಸುಳ್ಳು! ಅವ್ವ ಕೊಚ್ಚಿಹೋಗ್ತಾಳ!”

ಚಿಗರಿ ದಡದಲ್ಲಿ ತಾನಾಗಿಯೇ ನಿಂತಿತು. ಸಿದ್ದವ್ವ ನಕ್ಕಳು. “ಯಾರು ಕಲಿಸಿದರಂತ ನಿನ್ನೆ ರಾತ್ರೀನ ಚಿಗರಿಗೆ ಕೇಳಿದ್ನಿ, ಅದು ಎಲ್ಲಾ ಹೇಳಿತು. ಹಳ್ಳಕ್ಕ ನಿಲ್ಲೂದು ನಾನ ಕಲಿಸಿದ್ನಿ. ಖರೇ ಮಾತು ನಿನ್ನ ಬಾಯಿಂದ ಬರಬೇಕಿತ್ತು.”

ಮಾಣಿಕ ಬಾಲ ಮುದುಡಿ ನೆಲಕ್ಕೆ ಕುಸಿದ. “ಮತ್ತ ನನ್ನ ಹಗ್ಗ ಯಾಕ ಕಸಕೊಂಡಿ, ಅವ್ವಾ?”

“ಬಾವಿ ಹತ್ರ ನಿನ್ನ ಮೈ ಗಡಗಡ ನಡುಗತಿತ್ತು. ಹಗ್ಗ ಹಿಡಿದ ನನ್ನ ಕೈಗೆ ಗೊತ್ತಾತು. ಕಣ್ಣಿಲ್ಲದ ನಡಿಯೂ ಹೆದರಿಕಿ ಏನಂತ ನನಗ ಗೊತ್ತಿಲ್ಲೇನು? ಹಂಗ ಹೆದರಕೋತ ನೀ ನನ್ನ ಮುಂದ ನಡೀಬಾರದು ಅಂತ ಬಿಚ್ಚಿದ್ನಿ.”

ಮಾಣಿಕ ನಾಚಿದ. ಮೇಲುಗಡೆ ಕಲ್ಲುಸೇತುವೆ ಇರುವುದನ್ನು ಚಿಗರಿಗೆ ಹೇಳಿದ. ಮೂವರೂ ಸುತ್ತುಬಳಸಿ ಅರಮನೆ ಸೇರಿದರು. ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ರಾಣಿ ಹೆಣ್ಣುಮಗುವಿಗೆ ಜನ್ಮ ಕೊಟ್ಟಳು.

ಆಮೇಲೆ ಮಾಣಿಕ ಜಗುಲಿಯ ಮೇಲೇ ಉಳಿದ. ಚಿಗರಿ ಹೊರಟಾಗೆಲ್ಲ ಹೊಟ್ಟೆ ಸ್ವಲ್ಪ ಉರಿಯುತ್ತಿತ್ತು, ಇಲ್ಲ ಅನ್ನೋದು ಹೇಗೆ? ಆದರೆ ಕೇಳಿದ ದಾರಿಯನ್ನು ಸರಿಯಾಗಿಯೇ ಹೇಳಿಕೊಟ್ಟ.

ತಿಳೀತೇ, ಮಕ್ಕಳೇ? ದಣಿದವರ ಹೆಗಲಿನ ಭಾರ ಇಳಿಸುವುದು ಅವಮಾನವಲ್ಲ, ಅದೂ ಪ್ರೀತಿಯೇ. ಹೊಟ್ಟೆಕಿಚ್ಚಿಗೆ ಬಿದ್ದು ಇನ್ನೊಬ್ಬರಿಗೆ ತಪ್ಪು ದಾರಿ ತೋರಿಸಿದರೆ, ಆ ದಾರಿಯಲ್ಲಿ ನಮ್ಮ ಪ್ರೀತಿಯವರೇ ನಡೆದು ಹೋಗುತ್ತಾರೆ.